ಸವಳು

ಕಾರಟಗಿಯ ಮಿಲ್ಲಿನ ವೇಬ್ರಿಜ್ಜಿನಲ್ಲಿ
ಹದಿನಾರು ವರ್ಷದಿಂದ ಲಾರಿ ತೂಗುತ್ತೇನೆ.
ತುಂಬಿ ಬಂದದ್ದು, ಖಾಲಿ ಹೋದದ್ದು,
ನಡುವೆ ಉಳಿದದ್ದು ಬತ್ತ.
ಯಾರೂ ಇಲ್ಲದಾಗ ನಾನೇ ಹತ್ತಿ ನಿಂತರೆ
ಐವತ್ತೋ ಅರವತ್ತೋ ಎಂದು ಮಿಣುಕಿ
ಸೊನ್ನೆಗೆ ಮರಳುತ್ತದೆ.
ಅಂಥ ಕಡ್ಡಿ ಆಳು.

ಗಂಗಾವತಿಯ ಸ್ಕ್ಯಾನಿಂಗ್ ಕೋಣೆಯಲ್ಲಿ
ಹೊಟ್ಟೆಗೆ ತಣ್ಣನೆಯ ಅಂಟು ಸವರಿದ ಹುಡುಗ
ಪರದೆಯಿಂದ ಕಣ್ಣು ತೆಗೆಯದೆ ಕೇಳಿದ:
'ದಿನಾ ತಗೊಂತೀರೇನ್ರಿ?'
ಚಹಾ ಅಂದೆ. ನಕ್ಕ.
'ಲಿವರ್ ತುಂಬಾ ಕೊಬ್ಬೈತಿ. ನಿಜ ಹೇಳ್ರಿ.'

ಜೊತೆಗೆ ಬಂದಿದ್ದ ಅಣ್ಣ ಕನಕರಾಯ,
ಸಂಜೆಯ ಕ್ವಾರ್ಟರು ಒಂದು ದಿನ ತಪ್ಪಿಸದವನು,
ನಂದೂ ನೋಡು ಅಂತ ಅಂಗಿ ಎತ್ತಿ ಮಲಗಿದ.
ಅವನದು ತೊಳೆದಿಟ್ಟ ಪಾಟಿ.

ಡಾಕ್ಟರ್ ನಿಖತ್ ಮಾತ್ರ ನಗಲಿಲ್ಲ.
ಏನೇನು ತಿನ್ನುತ್ತೀರಿ ಅಂದರು, ಬರೆದುಕೊಂಡರು:
ಮುಂಜಾನೆ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ.
ಮಿಲ್ಲಿನಲ್ಲಿ ಆರು ಕಪ್ಪು, ಸಕ್ಕರೆ ತುಸು ಮುಂದಾಗಿ.
ಮಧ್ಯಾಹ್ನ ಅನ್ನ, ರಾತ್ರಿ ಅನ್ನ,
ಮಾಲೀಕರು ಪುಕ್ಕಟೆ ಕೊಡುವ ನುಚ್ಚು,
ಬಿಸಿಲಿಗೆ ಒಂದು ಕಿತ್ತಳೆ ಬಣ್ಣದ ಬಾಟಲಿ.
'ಅಣ್ಣಾನೂ ಇದನ್ನ ತಿಂತಾನಲ್ರಿ, ಮ್ಯಾಲೆ ಅದೂ?'
'ಅವರೂ ಹುಷಾರಾಗಿರಬೇಕು. ಆದರೆ ನಿಮ್ಮ ಹೊಲಾನೇ ಬೇರೆ.'

ರಕ್ತ ಹೈದರಾಬಾದಿಗೆ ಹೋಗಿ ಬಂತು.
ಉದ್ದಾನುದ್ದ ಬರಹದಲ್ಲಿ ಒಂದೇ ಅಕ್ಷರ ಬದಲು.
ಲಿವರೆಂಬ ಗೋದಾಮಿನಲ್ಲಿ ಮೂಟೆ ಇಳಿಯುತ್ತಲೇ ಇವೆ,
ಹೊರಗೆ ಸಾಗಿಸುವ ಹಮಾಲಿಯ ಕೈ ಕಟ್ಟಿದೆ ಆ ಅಕ್ಷರ.
ಅಪ್ಪನಿಂದ ಒಂದು, ಅವ್ವನಿಂದ ಒಂದು,
ನನ್ನಲ್ಲಿ ಎರಡೂ.

ಇದು ನಮಗೆ ಗೊತ್ತಿಲ್ಲದ ಸಂಗತಿಯೇನಲ್ಲ.
ಕಾಲುವೆ ಬರುವ ಮುಂಚೆ ಎರಿ ಹೊಲದಲ್ಲಿ
ಅಮ್ಮನ ಕಾಲದ ಬಿಳಿಜೋಳ ನಿಲ್ಲುತ್ತಿತ್ತು.
ಉಪ್ಪು ಆಗಲೂ ಇತ್ತು, ಆಳದಲ್ಲಿ, ಮಲಗಿ.
ನೀರು ಬಂತು, ವರ್ಷಕ್ಕೆ ಎರಡು ಬೆಳೆ,
ತಿಂಗಳುಗಟ್ಟಲೆ ನಿಂತ ನೀರಿನ ಬೆನ್ನೇರಿ
ಉಪ್ಪು ಮೇಲಕ್ಕೆ ಬಂತು.
ಮೂಲೆಯ ಮಡಿ ಸುಣ್ಣ ಬಳಿದಂತೆ ಬೆಳ್ಳಗಾಯಿತು,
ಅದೇ ನೀರು ಕುಡಿದ ಪಕ್ಕದ ಮಡಿ ಹಸಿರು.
ಉಪ್ಪನ್ನು ಯಾರೂ ಬಿತ್ತಿರಲಿಲ್ಲ.
ನೀರೂ ವಿಷವಾಗಿರಲಿಲ್ಲ.

ಅವ್ವ ಗಾಳೆಮ್ಮ ಹೋಗಿ ಹನ್ನೆರಡು ವರ್ಷ.
ಕಣ್ಣು ಅರಿಷಿಣ, ಹೊಟ್ಟೆ ಕೊಡ, ಕಾಲು ಕಡ್ಡಿ.
ಬೋರಿನ ಹತ್ತಿರ ಹೆಂಗಸರು ಅಂದರು:
ಸೆರಗಿನಾಗ ಬಾಟ್ಲಿ ಇಟ್ಕೊಂಡಿರಬೇಕು ಮುದುಕಿ.
ಅಪ್ಪ ಏನೂ ಅನ್ನಲಿಲ್ಲ.
ಜೋಳದ ಗುಮ್ಮಿ, ನೆಲುವಿನ ಗಡಿಗೆ, ಕೌದಿಯ ಮಡಿಕೆ
ಒಂದೊಂದಾಗಿ ತಡಕಿದ,
ಅವಳು ನೋಡುತ್ತಿರುವಾಗಲೇ.

ನಾನೂ.
ಒಂದು ರಾತ್ರಿ ಅವಳು ನಿದ್ದೆಯಲ್ಲಿದ್ದಾಳೆಂದು ಬಗ್ಗಿ
ಬಾಯಿ ಮೂಸಿದೆ.
ಎಲೆಯಡಿಕೆ, ಹಸಿವು, ಏನೋ ಕಹಿ.
ಕಣ್ಣು ಮುಚ್ಚಿಕೊಂಡೇ ಅಂದಳು:
'ಸಿಕ್ತೇನಪಾ?'

ಈ ಕಾಗದ ಅವಳಿಗೆ ಸಾಕ್ಷಿಯಲ್ಲ,
ಅವಳ ರಕ್ತ ಯಾರೂ ನೋಡಿಲ್ಲ.
ಆದರೂ ಅಪ್ಪನ ಮುಂದೆ ಬಿಚ್ಚಿಟ್ಟೆ:
ಇದರಾಗ ಒಂದು ನಿಂದು ಐತಿ.
ಅವನು ತನ್ನ ಅಂಗೈಯನ್ನು
ಬೇರೆಯವರದೆಂಬಂತೆ ತಿರುವಿ ನೋಡಿದ.

ಅಕ್ಷರ ತಿದ್ದಲಾಗುವುದಿಲ್ಲ ಅಂದಿದ್ದಾರೆ ಡಾಕ್ಟರು.
ನೀರು ಎಷ್ಟು ಬಿಡಬೇಕೆಂಬುದು ನಮ್ಮ ಕೈಯಲ್ಲಿ.
ಬಸಿಗಾಲುವೆ ತೋಡಿದ ಮೇಲೆ
ಮೂಲೆಯ ಮಡಿಯಲ್ಲೂ ನಾಲ್ಕು ದಂಟು ಎದ್ದದ್ದುಂಟು.
ಹಾಗಾಗಿ ಹಗೇವು ಇಲ್ಲದ ಮನೆಗೆ
ಕಿಲೋ ಲೆಕ್ಕದಲ್ಲಿ ಜೋಳ ಬರುತ್ತಿದೆ.
ಬಡಿಯುವ ರೂಢಿ ತಪ್ಪಿದ ನನ್ನ ಹೆಂಡತಿಯ ರೊಟ್ಟಿ
ಅಂಚಿನಲ್ಲಿ ಹರಿಯುತ್ತದೆ, ಬೈಯುತ್ತಾಳೆ, ಮತ್ತೆ ತಟ್ಟುತ್ತಾಳೆ.

ನನ್ನಲ್ಲಿ ಎರಡಿದ್ದರೆ ಮಗಳಲ್ಲಿ ಒಂದಂತೂ ಖರೆ.
ಎಂಟು ವರ್ಷ, ಮುಂದಿನ ಹಲ್ಲು ಈಗಷ್ಟೇ ಬರುತ್ತಿದೆ.
ಬಿಸಿ ರೊಟ್ಟಿಗೆ ತುಪ್ಪ ಸವರಿ ಮುಂದೆ ಹಿಡಿದಳು:
'ಅಪ್ಪಾ, ಸಕ್ರಿ ಹಾಕಿ ಸುತ್ತಿ ಕೊಡು.'

ಡಬ್ಬಿ ನನ್ನ ಕೈಯಲ್ಲಿತ್ತು.
ಮುಚ್ಚಳ ಬಿಗಿಯಾಗಿದೆ ಅಂದೆ.